ಅಸ್ತಮಾ: ಉಬ್ಬಸಕ್ಕೆ ಮದ್ದಿದೆ, ಒಂಟಿತನಕ್ಕೆ?

ಮದುವೆ ಮಂಟಪದಲ್ಲಿ ಹೋಮದ ಹೊಗೆ ಏಳುತ್ತಿದ್ದಂತೆ ಸದ್ದಿಲ್ಲದೆ ಎದ್ದು ಹೊರಗೆ ಹೋಗುವವರು, ದೀಪಾವಳಿಯ ಮೂರು ದಿನ ಕಿಟಕಿ ಬಾಗಿಲು ಭದ್ರಪಡಿಸಿಕೊಂಡು ಒಳಗೇ ಉಳಿಯುವವರು, ಕಚೇರಿಯ ಶೌಚಾಲಯಕ್ಕೆ ಹೋಗಿ ಯಾರಿಗೂ ಕಾಣದಂತೆ ಇನ್‌ಹೇಲರ್ ಎಳೆದುಕೊಂಡು ಬರುವವರು, ಆಟದ ಅವಧಿಯಲ್ಲಿ ಮೈದಾನದ ಅಂಚಿನ ಕಟ್ಟೆಯ ಮೇಲೆ ಕುಳಿತು ಗೆಳೆಯರ ಆಟ ನೋಡುವ ಮಕ್ಕಳು- ಇವರೆಲ್ಲರಿಗೂ ಇರುವ ಸಮಾನ ಕಾರಣ ಅಸ್ತಮಾ. ಇವರ ಎದೆಯ ಬಿಗಿತವನ್ನು ಸಡಿಲಿಸಲು ವೈದ್ಯಶಾಸ್ತ್ರದ ಬಳಿ ಸಮರ್ಥ ಔಷಧಗಳಿವೆ. ಆದರೆ ಆ ಬಿಗಿತದ ಜೊತೆಯಲ್ಲೇ ಬೆಳೆಯುವ ಒಂಟಿತನದ ಬಗ್ಗೆ ವೈದ್ಯರು ಕೇಳುವುದು ಕಡಿಮೆ, ರೋಗಿಗಳು ಹೇಳುವುದು ಅದಕ್ಕಿಂತಲೂ ಕಡಿಮೆ.

ಒಂಟಿಯೆಂದು ಭಾವಿಸುವ ಇವರ ಸಂಖ್ಯೆಯೇನೂ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಅಂದಾಜು 26.2 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ವರ್ಷ ಅದರಿಂದ ಸತ್ತವರು ಸುಮಾರು 4.55 ಲಕ್ಷ. ಜಾಗತಿಕ ರೋಗಭಾರ ಅಧ್ಯಯನದ ಅದೇ ವರ್ಷದ ಅಂದಾಜಿನಂತೆ ಭಾರತದಲ್ಲಿ ಅಸ್ತಮಾ ಇರುವವರು ಸುಮಾರು 3.4 ಕೋಟಿ. ವಿಶ್ವದ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಶೇ 13ರಷ್ಟಾದರೆ, ಸಾವುಗಳಲ್ಲಿ ನಮ್ಮ ಪಾಲು ಶೇ 40ನ್ನೂ ಮೀರಿದೆ. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಬಡತನ, ಔಷಧದ ಅಭಾವ, ರೋಗವನ್ನು ತಡವಾಗಿ ಗುರುತಿಸುವುದು ಮುಂತಾದ ಕಾರಣಗಳಿವೆ. ಕಾಯಿಲೆಯನ್ನು ಮುಚ್ಚಿಡುವ ಅಭ್ಯಾಸವನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ 9ರಷ್ಟಿದ್ದುದು 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇದನ್ನು ಇಡೀ ನಗರಕ್ಕೆ ಅನ್ವಯಿಸುವಂತಿಲ್ಲ. ಆದರೂ ಮೈದಾನದ ಕಟ್ಟೆಯ ಮೇಲೆ ಕುಳಿತ ಮಗು ತನ್ನ ಶಾಲೆಯಲ್ಲಿ ತಾನೊಬ್ಬನೇ ಹೀಗೆ ಎಂದುಕೊಂಡಿದ್ದರೆ ಅದು ಖಂಡಿತ ತಪ್ಪು ತಿಳಿವಳಿಕೆ.

ರಾತ್ರಿ ಎಚ್ಚರವಾಗಿಸುವ ಕಾಯಿಲೆ

ಉಬ್ಬಸ, ಗೂರಲು, ದಮ್ಮು ಎಂದು ನಾಡಿನ ಬೇರೆ ಬೇರೆ ಭಾಗಗಳಲ್ಲಿ ಕರೆಯಲ್ಪಡುವ ಈ ಕಾಯಿಲೆಯ ಮೂಲ ಶ್ವಾಸನಾಳಗಳ ಉರಿಯೂತ. ನಾಳಗಳ ಒಳಪದರ ಊದಿಕೊಂಡು ಸದಾ ಸೂಕ್ಷ್ಮವಾಗಿರುತ್ತದೆ. ದೂಳು, ಹೊಗೆ, ಪರಾಗ, ಶೀತಗಾಳಿ, ನೆಗಡಿಯ ವೈರಾಣು, ಹಾಸಿಗೆಯಲ್ಲಿ ಬೆಳೆಯುವ ದೂಳುಹುಳು ಇವುಗಳಲ್ಲಿ ಯಾವುದೋ ಒಂದು ತಾಗಿದೊಡನೆ ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಕಫ ತುಂಬಿಕೊಳ್ಳುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ. ಉಸಿರನ್ನು ಹೊರಗೆ ಬಿಡಲು ಆಗದೆ ಎದೆಯೊಳಗೆ ಸೀಟಿ ಊದಿದಂತಹ ಸದ್ದು ಹೊರಡುತ್ತದೆ.

ಈ ಬಿಗಿತಕ್ಕೊಂದು ಸಮಯವೂ ಇದೆ. ಶ್ವಾಸನಾಳಗಳು ಎಲ್ಲರಲ್ಲಿಯೂ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸ್ವಲ್ಪ ಕಿರಿದಾಗುತ್ತವೆ. ಉರಿಯೂತವನ್ನು ಹದ್ದಿನಲ್ಲಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ರಾತ್ರಿಯಲ್ಲಿ ಕಡಿಮೆ ಮಟ್ಟದಲ್ಲಿರುತ್ತದೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಅಸ್ತಮಾ ಹತೋಟಿಯಲ್ಲಿಲ್ಲದವರು ಮಾತ್ರ ಎದ್ದು ಕುಳಿತಿರುತ್ತಾರೆ. ಮನೆಮಂದಿಯೆಲ್ಲ ನಿದ್ದೆಯಲ್ಲಿರುವ ಹೊತ್ತಿನಲ್ಲಿ, ಯಾರನ್ನು ಎಬ್ಬಿಸುವುದೆಂಬ ಸಂಕೋಚದಲ್ಲಿ, ಮುಂದಿನ ಉಸಿರಿಗಾಗಿ ಕಾಯುವ ಆ ಹೊತ್ತೇ ಒಂಟಿತನದ ಮೊದಲ ಪಾಠ. ಕೆಲಸ ಅರಸಿ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಯುವಜನರಿಗೆ ಎಬ್ಬಿಸಲು ಪಕ್ಕದಲ್ಲಿ ಮನೆಯವರೂ ಇರುವುದಿಲ್ಲ.

ಹಗಲಿನ ಒಂಟಿತನ ಬೇರೆ ಬಗೆಯದು. ಅಸ್ತಮಾ ಬಹುಪಾಲು ಹೊತ್ತು ಹೊರಗೆ ಕಾಣದ ಕಾಯಿಲೆ. ನಿನ್ನೆ ರಾತ್ರಿ ಏದುಸಿರು ಬಿಡುತ್ತಿದ್ದವರು ಇಂದು ಬೆಳಿಗ್ಗೆ ಎಲ್ಲರಂತೆ ನಗುನಗುತ್ತಾ ಮಾತನಾಡಬಲ್ಲರು. ಹೀಗಾಗಿ ಅವರು ‘ಬರಲಾಗದು’ ಎಂದಾಗ ಅದು ನೆಪದಂತೆ ಕೇಳಿಸುತ್ತದೆ. ಒಗ್ಗರಣೆಯ ಘಾಟಿಗೆ ಅಡುಗೆಮನೆಯಿಂದ ಹೊರಗೆ ಬಂದ ಸೊಸೆ ಸೋಮಾರಿ ಎನಿಸಿಕೊಳ್ಳುತ್ತಾಳೆ. ಊದುಬತ್ತಿ ಬೇಡವೆಂದವರು ನಾಸ್ತಿಕರೆನಿಸಿಕೊಳ್ಳುತ್ತಾರೆ. ಹಬ್ಬದ ಸುಣ್ಣಬಣ್ಣಕ್ಕೆ ಕೈಜೋಡಿಸದ ಹುಡುಗನಿಗೆ ‘ನಾಜೂಕು’ ಎಂಬ ಹೆಸರು ಬರುತ್ತದೆ. ಎರಡು ಬಾರಿ ಇಂತಹ ಮಾತು ಕೇಳಿದವರು ಮೂರನೆಯ ಬಾರಿ ವಿವರಣೆ ಕೊಡುವ ಬದಲು ದೂರ ಉಳಿಯುವುದನ್ನೇ ಆರಿಸಿಕೊಳ್ಳುತ್ತಾರೆ. ಕ್ರಮೇಣ ಕರೆಯುವವರೂ ಕರೆಯುವುದನ್ನು ಬಿಡುತ್ತಾರೆ.

ಹೆಸರು ಹೇಳಲಾಗದ ಕಾಯಿಲೆ

ದೂರ ಉಳಿಯುವುದಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ಮುಚ್ಚಿಡುವುದು. ‘ಸ್ವಲ್ಪ ಅಲರ್ಜಿ’, ‘ಶೀತದ ಪ್ರಕೃತಿ’, ‘ವೀಸಿಂಗ್ ಅಷ್ಟೇ’ ಎಂಬ ಮಾತುಗಳ ಹಿಂದೆ ಎಷ್ಟೋ ಬಾರಿ ಅಸ್ತಮಾ ಅಡಗಿರುತ್ತದೆ. ಕೆಮ್ಮು ಎಂದೊಡನೆ ಕ್ಷಯವನ್ನು ನೆನೆಯುವ ಸಮಾಜದಲ್ಲಿ ಇದು ಅಚ್ಚರಿಯಲ್ಲ. 2020ರ ಕೋವಿಡ್ ದಿನಗಳಲ್ಲಂತೂ ಬಸ್ಸಿನಲ್ಲಿ ಕೆಮ್ಮಿದವರತ್ತ ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಅಸ್ತಮಾ ಅಂಟುರೋಗವಲ್ಲ ಎಂಬ ಸರಳ ಸಂಗತಿಯನ್ನು ಪ್ರತಿ ಬಾರಿಯೂ ಅಪರಿಚಿತರಿಗೆ ವಿವರಿಸುವುದು ಯಾರಿಗೂ ಸಾಧ್ಯವಿಲ್ಲ.

ಮದುವೆಯ ಮಾತುಕತೆಯಲ್ಲಿ ಈ ಮುಚ್ಚುಮರೆ ಅತಿ ಹೆಚ್ಚು. ಹೆಣ್ಣುಮಕ್ಕಳ ಇನ್‌ಹೇಲರ್ ಅನ್ನು ತವರಿನವರೇ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಕಳುಹಿಸುವುದುಂಟು. ಗಂಡನ ಮನೆಯಲ್ಲಿ ಅದನ್ನು ಬಳಸಲಾಗದೆ, ದಿನನಿತ್ಯದ ಔಷಧ ತಪ್ಪಿ, ಕೊನೆಗೆ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಗುಟ್ಟು ರಟ್ಟಾಗುತ್ತದೆ. ಅಸ್ತಮಾ ಬರುವ ಪ್ರವೃತ್ತಿ ವಂಶದಲ್ಲಿ ಹರಿದುಬರಬಹುದು; ಆದರೆ ತಾಯಿಗೋ ತಂದೆಗೋ ಇದ್ದರೆ ಮಗುವಿಗೂ ಬಂದೇ ಬರುತ್ತದೆ ಎಂಬ ನಿಯಮವಿಲ್ಲ. ಅಸ್ತಮಾ ಇರುವ ಮಹಿಳೆ ಗರ್ಭಿಣಿಯಾದಾಗ ಇನ್‌ಹೇಲರ್ ನಿಲ್ಲಿಸುವುದಕ್ಕಿಂತ ವೈದ್ಯರ ಸಲಹೆಯಂತೆ ಮುಂದುವರಿಸುವುದೇ ತಾಯಿ ಮತ್ತು ಮಗು ಇಬ್ಬರಿಗೂ ಕ್ಷೇಮ. ಈ ಎರಡು ವಿಷಯಗಳನ್ನು ಮೊದಲೇ ಮುಕ್ತವಾಗಿ ಮಾತನಾಡಿಕೊಂಡರೆ ಬಚ್ಚಿಡುವ ಅಗತ್ಯವೇ ಬೀಳದು.

ಇನ್‌ಹೇಲರ್ ಬಗ್ಗೆ ಇರುವ ಭಯವೂ ಈ ಸಂಕೋಚಕ್ಕೆ ನೀರೆರೆಯುತ್ತದೆ. ‘ಒಮ್ಮೆ ಹಿಡಿದರೆ ಬಿಡುವುದಿಲ್ಲ’, ‘ಕೊನೆಯ ಹಂತದವರಿಗೆ ಕೊಡುವುದು’ ಎಂಬ ಮಾತುಗಳು ಇಂದಿಗೂ ಕೇಳಿಬರುತ್ತವೆ. ವಾಸ್ತವ ಇದಕ್ಕೆ ವಿರುದ್ಧ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿದ್ದು, ಅದು ರಕ್ತದ ಮೂಲಕ ಇಡೀ ದೇಹವನ್ನು ಸುತ್ತುತ್ತದೆ. ಇನ್‌ಹೇಲರ್‌ನ ಒಂದು ಎಳೆತದಲ್ಲಿ ಇರುವುದು 100 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ ಮಾತ್ರ. ಅದು ನೇರವಾಗಿ ಶ್ವಾಸನಾಳವನ್ನು ತಲುಪುತ್ತದೆ. ಕಣ್ಣಿನ ದೋಷಕ್ಕೆ ಕನ್ನಡಕ ಧರಿಸುವವರನ್ನು ಯಾರೂ ಕನ್ನಡಕದ ಚಟ ಹತ್ತಿದವರೆಂದು ಕರೆಯುವುದಿಲ್ಲ.

ಒಂಟಿತನವೇ ಚಿಕಿತ್ಸೆಯಾಗಿದ್ದ ಕಾಲ

ಅಸ್ತಮಾ ಇರುವವರನ್ನು ಪ್ರತ್ಯೇಕವಾಗಿ ಇಡುವುದೇ ಒಂದು ಕಾಲದಲ್ಲಿ ಚಿಕಿತ್ಸೆಯೂ ಆಗಿತ್ತು. ಒಂಬತ್ತನೇ ವಯಸ್ಸಿನಿಂದ ಅಸ್ತಮಾ ಅನುಭವಿಸಿದ ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ (1871-1922) ಪ್ಯಾರಿಸ್ಸಿನ ತಮ್ಮ ಮಲಗುವ ಕೋಣೆಯ ಗೋಡೆಗಳಿಗೆ ಬಿರಡೆಯ ಹಲಗೆ ಹೊದಿಸಿ, ಹಗಲು ನಿದ್ರಿಸಿ ರಾತ್ರಿ ಬರೆಯುತ್ತಾ ವರ್ಷಗಟ್ಟಲೆ ಹೊರಜಗತ್ತಿನಿಂದ ದೂರವಿದ್ದರು.

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಅಸ್ತಮಾವನ್ನು ಮನೋದೈಹಿಕ ಕಾಯಿಲೆಗಳ ಪಟ್ಟಿಗೆ ಸೇರಿಸಲಾಗಿತ್ತು. ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಅವರ ಅನುಯಾಯಿಗಳು ಉಬ್ಬಸವನ್ನು ತಾಯಿಗಾಗಿ ಹೊರಡದೆ ಅದುಮಿಹೋದ ಅಳುವೆಂದು ವಿವರಿಸಿದರು. ಅಮೆರಿಕದಲ್ಲಿ ತೀವ್ರ ಅಸ್ತಮಾ ಇದ್ದ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಡೆನ್ವರ್ ನಗರದ ವಸತಿ ಚಿಕಿತ್ಸಾಲಯಕ್ಕೆ ಕಳುಹಿಸುವ ಪದ್ಧತಿಯೇ ಇತ್ತು. ಅಲ್ಲಿ ಕೆಲವು ಮಕ್ಕಳು ಚೇತರಿಸಿಕೊಂಡದ್ದು ನಿಜ. ಮನೆಯ ದೂಳು, ಹೊಗೆ, ಸಾಕುಪ್ರಾಣಿಗಳಿಂದ ದೂರವಾದದ್ದೂ ಅದಕ್ಕೆ ಕಾರಣವಾಗಿರಬಹುದೆಂಬ ವಿವೇಚನೆ ಬಂದದ್ದು ತಡವಾಗಿ. ಉರಿಯೂತವೇ ರೋಗದ ಬುಡವೆಂಬುದು ಸ್ಪಷ್ಟವಾಗಿ, 1972ರಲ್ಲಿ ಬಳಕೆಗೆ ಬಂದ ಬೆಕ್ಲೊಮೆಟಾಸೋನ್ ಇನ್‌ಹೇಲರ್‌ನಂತಹ ಸ್ಟೀರಾಯ್ಡ್ ಔಷಧಗಳು ಕ್ರಮೇಣ ಚಿಕಿತ್ಸೆಯ ಕೇಂದ್ರಕ್ಕೆ ಬಂದ ಮೇಲೆ ಇಂತಹ ಪದ್ಧತಿಗಳು ಹಿಂದೆ ಸರಿದವು. ಆದರೆ ‘ಎಲ್ಲವೂ ಮನಸ್ಸಿನದು’ ಎಂಬ ಮಾತು ಮಾತ್ರ ಮನೆಗಳಲ್ಲಿ ಉಳಿದುಕೊಂಡಿದೆ. ಕಾಯಿಲೆ ತನ್ನ ದೌರ್ಬಲ್ಯದ ಫಲವೆಂಬ ಅಪರಾಧಿ ಭಾವವನ್ನು ಅದು ರೋಗಿಯಲ್ಲಿ ಹುಟ್ಟಿಸುತ್ತದೆ.

ವಿಷವರ್ತುಲ

ಅಸ್ತಮಾ ಮನಸ್ಸಿನಿಂದ ಹುಟ್ಟುವುದಿಲ್ಲ. ಆದರೆ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ ಮತ್ತು ಮನಸ್ಸಿನ ಸ್ಥಿತಿ ಮರಳಿ ಅದರ ಮೇಲೆ ಪರಿಣಾಮ ಬೀರುತ್ತದೆ. ಆತಂಕ ಮತ್ತು ಖಿನ್ನತೆ ಅಸ್ತಮಾ ಇರುವವರಲ್ಲಿ ಇತರರಿಗಿಂತ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಖಿನ್ನತೆಗೆ ಒಳಗಾದವರು ದಿನನಿತ್ಯದ ಔಷಧ ತಪ್ಪಿಸುವುದು ಹೆಚ್ಚು. ಔಷಧ ತಪ್ಪಿದಾಗ ಉಬ್ಬಸ ಹೆಚ್ಚುತ್ತದೆ, ಉಬ್ಬಸ ಹೆಚ್ಚಿದಾಗ ಹೊರಗೆ ಹೋಗುವುದು ಕಡಿಮೆಯಾಗುತ್ತದೆ, ಹೊರಗೆ ಹೋಗದಿದ್ದಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಓಡಾಟವಿಲ್ಲದೆ ದೇಹದ ತ್ರಾಣ ಇಳಿದು, ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಅದನ್ನೂ ಅಸ್ತಮಾದ ಲೆಕ್ಕಕ್ಕೇ ಬರೆದುಕೊಳ್ಳಲಾಗುತ್ತದೆ.

ಒಂಟಿತನ ಕೇವಲ ಭಾವನೆಯ ವಿಷಯವಲ್ಲ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮನಗಂಡಿದೆ. ಸಾಮಾಜಿಕ ಸಂಪರ್ಕವನ್ನು ಕುರಿತು ಅದು ರಚಿಸಿದ ಆಯೋಗವು 2025ರಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಅಸ್ತಮಾ ವಿಷಯದಲ್ಲಿ ಇದರ ಅಪಾಯ ಇನ್ನೂ ನೇರವಾದುದು. ತೀವ್ರ ಉಬ್ಬಸ ಬಂದಾಗ ಇನ್‌ಹೇಲರ್ ತಂದುಕೊಡಲು, ವಾಹನ ಕರೆಯಲು, ಆಸ್ಪತ್ರೆಗೆ ಒಯ್ಯಲು ಇನ್ನೊಬ್ಬರು ಬೇಕು. ಕಾಯಿಲೆಯ ವಿಷಯ ಯಾರಿಗೂ ತಿಳಿಯದಂತೆ ನೋಡಿಕೊಂಡವರಿಗೆ ಆ ಇನ್ನೊಬ್ಬರು ಸಿಗುವುದಿಲ್ಲ.

ಮೃಗಶಿರಾ ಮಳೆಯ ಸಾಲು

ಪ್ರತಿ ವರ್ಷ ಜೂನ್‌ನಲ್ಲಿ ಮೃಗಶಿರಾ ಮಳೆ ಹೂಡುವ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಕುಟುಂಬದವರು ನೀಡುವ ಮೀನಿನ ಔಷಧಕ್ಕಾಗಿ ಸಾವಿರಾರು ಜನ ಸಾಲುಗಟ್ಟುತ್ತಾರೆ. ಕರ್ನಾಟಕದಿಂದ ಹೋಗುವವರೂ ಬಹಳ. ಕೊಪ್ಪಳ ಜಿಲ್ಲೆಯಲ್ಲಿಯೂ ಇದೇ ಮಳೆಯ ವೇಳೆಗೆ ಅಸ್ತಮಾ ಔಷಧಕ್ಕೆಂದು ಜನ ನೆರೆಯುವ ಊರಿದೆ. ಮೀನಿನ ಔಷಧದಿಂದ ಅಸ್ತಮಾ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದನ್ನು ನಂಬಿ ಇನ್‌ಹೇಲರ್ ಬಿಡುವುದು ಪ್ರಾಣಾಪಾಯಕಾರಿ.

ಆದರೆ ಆ ಸಾಲಿನ ಆಕರ್ಷಣೆಯನ್ನು ಮೂಢನಂಬಿಕೆಯೆಂದಷ್ಟೇ ತಳ್ಳಿಹಾಕಿದರೆ ಒಂದು ಸತ್ಯ ಕೈತಪ್ಪುತ್ತದೆ. ಅಸ್ತಮಾ ಇರುವವರು ಯಾವ ಸಂಕೋಚವೂ ಇಲ್ಲದೆ, ತಮ್ಮಂತಹವರ ನಡುವೆ, ‘ನಿಮಗೆ ಎಷ್ಟು ವರ್ಷದಿಂದ?’ ಎಂದು ಪಕ್ಕದವರನ್ನು ಕೇಳಬಹುದಾದ ವಿರಳ ಸ್ಥಳಗಳಲ್ಲಿ ಅದೂ ಒಂದು. ಹೊರರೋಗಿ ವಿಭಾಗದಲ್ಲಿ ಐದು ನಿಮಿಷಕ್ಕೊಬ್ಬರಂತೆ ರೋಗಿಗಳು ಮುಂದೆ ಸಾಗುವಾಗ ಈ ಮಾತುಕತೆಗೆ ಎಡೆಯಿಲ್ಲ. ಅಸ್ತಮಾ ಚಿಕಿತ್ಸಾಲಯಗಳು ತಿಂಗಳಿಗೊಮ್ಮೆ ರೋಗಿಗಳನ್ನು ಒಟ್ಟಿಗೆ ಕೂರಿಸಿ ಇನ್‌ಹೇಲರ್ ಬಳಸುವ ಕ್ರಮವನ್ನು ಕಲಿಸಿದರೂ ಸಾಕು, ಕಲಿಕೆಯ ಜೊತೆಗೆ ಒಡನಾಟವೂ ದೊರೆಯುತ್ತದೆ.

ಮೊದಲ ಮದ್ದು ಹತೋಟಿ

ಒಂಟಿತನದಿಂದ ಹೊರಬರುವ ದಾರಿ ಧೈರ್ಯದ ಮಾತುಗಳಿಂದಲ್ಲ, ಸರಿಯಾದ ಚಿಕಿತ್ಸೆಯಿಂದ ಆರಂಭವಾಗಬೇಕು. ಅಸ್ತಮಾ ಹತೋಟಿಯನ್ನು ಅಳೆಯಲು ವೈದ್ಯರು ಬಳಸುವ ಐದು ಪ್ರಶ್ನೆಗಳ ಪರೀಕ್ಷೆಯೊಂದಿದೆ. ಕಳೆದ ನಾಲ್ಕು ವಾರಗಳಲ್ಲಿ ಕಾಯಿಲೆ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು, ಎಷ್ಟು ಬಾರಿ ಏದುಸಿರು ಬಂತು, ಎಷ್ಟು ರಾತ್ರಿ ಎಚ್ಚರವಾಯಿತು, ತುರ್ತು ಇನ್‌ಹೇಲರ್ ಎಷ್ಟು ಬಾರಿ ಬೇಕಾಯಿತು, ಹತೋಟಿಯ ಬಗ್ಗೆ ರೋಗಿಯ ಸ್ವಂತ ಅಭಿಪ್ರಾಯವೇನು ಎಂಬುವೇ ಆ ಪ್ರಶ್ನೆಗಳು. 25 ಅಂಕಗಳಲ್ಲಿ 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ‘ಮೂರು ಮದುವೆಗೆ ಹೋಗಲಿಲ್ಲ, ಆಟ ಬಿಟ್ಟೆ, ಗೆಳೆಯರ ಜೊತೆ ಪ್ರವಾಸ ಹೊರಡಲಿಲ್ಲ’ ಎಂಬುದೂ ಹತೋಟಿ ತಪ್ಪಿದ ಲಕ್ಷಣವೇ. ಇದನ್ನು ನಾಚಿಕೆಯಿಲ್ಲದೆ ವೈದ್ಯರ ಮುಂದೆ ಹೇಳಬೇಕು. ಸೀಟಿ ಸದ್ದನ್ನು ವೈದ್ಯರು ಸ್ಟೆಥಾಸ್ಕೋಪಿನಲ್ಲಿ ಕೇಳಬಲ್ಲರು. ತಪ್ಪಿಹೋದ ಮದುವೆಯನ್ನು ರೋಗಿಯೇ ಹೇಳಬೇಕು.

ತಕ್ಷಣ ಶಮನ ನೀಡುವ ಸಾಲ್ಬುಟಮಾಲ್‌ನಂತಹ ಇನ್‌ಹೇಲರ್ ಒಂದನ್ನೇ ನೆಚ್ಚಿಕೊಳ್ಳುವುದು ಹಲವರ ರೂಢಿ. ಅದು ಸ್ನಾಯುಗಳನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯನ್ನು ರೂಪಿಸುವ ‘ಗಿನಾ’ ಸಂಸ್ಥೆ 2019ರಲ್ಲಿಯೇ ಹದಿಹರೆಯದವರಿಗೂ ವಯಸ್ಕರಿಗೂ ಅಂತಹ ಔಷಧವೊಂದನ್ನೇ ನೀಡುವುದು ಸಲ್ಲದೆಂದು ಹೇಳಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್‌ಹೇಲರ್ ಅಗತ್ಯವೆಂದು ಸ್ಪಷ್ಟಪಡಿಸಿತು. ಲಕ್ಷಣವಿಲ್ಲದ ದಿನವೂ ವೈದ್ಯರು ಹೇಳಿದಂತೆ ಔಷಧ ಪಡೆದರೆ ಬಹುಪಾಲು ಜನ ರಾತ್ರಿ ನಿದ್ರಿಸಬಲ್ಲರು, ಓಡಬಲ್ಲರು, ಜಾತ್ರೆಗೂ ಹೋಗಬಲ್ಲರು. 2003ರ ಲಂಡನ್ ಮ್ಯಾರಥಾನ್‌ನಲ್ಲಿ ವಿಶ್ವದಾಖಲೆ ಸ್ಥಾಪಿಸಿದ ಬ್ರಿಟನ್ನಿನ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಅವರಿಗೆ ಹದಿಹರೆಯದಿಂದಲೇ ಅಸ್ತಮಾ ಇತ್ತು.

ಯಾರಿಗೆ, ಏನು ಹೇಳಬೇಕು?

ಕಾಯಿಲೆಯನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಮನೆಯಲ್ಲಿ ಒಬ್ಬರು, ಕೆಲಸದ ಸ್ಥಳದಲ್ಲಿ ಒಬ್ಬರು, ನೆರೆಯಲ್ಲಿ ಒಬ್ಬರು, ಹೀಗೆ ಮೂವರಿಗೆ ತಿಳಿದಿದ್ದರೆ ಸಾಕು. ಹೇಳಬೇಕಾದುದೂ ಚಿಕ್ಕದೇ: ಅಸ್ತಮಾ ಇದೆ, ಅದು ಅಂಟುವುದಿಲ್ಲ, ಇನ್‌ಹೇಲರ್ ಚೀಲದ ಈ ಜೇಬಿನಲ್ಲಿದೆ, ಉಸಿರು ಕಟ್ಟಿದರೆ ಹೀಗೆ ಮಾಡಿ. ಕರುಣೆ ಬೇಡುವುದಕ್ಕೂ ನೆರವು ಕೇಳುವುದಕ್ಕೂ ಇರುವ ವ್ಯತ್ಯಾಸ ಈ ಖಚಿತತೆಯಲ್ಲಿದೆ. ‘ನನ್ನಿಂದ ಆಗದು’ ಎನ್ನುವ ಬದಲು ‘ಬರುತ್ತೇನೆ, ಹೋಮ ಮುಗಿದ ಮೇಲೆ ಬರುತ್ತೇನೆ’ ಎಂದರೆ ನಂಟು ಕಡಿಯುವುದಿಲ್ಲ.

ಮನೆಯವರ ಪಾಲೂ ಇದೆ. ಪೂಜೆಯ ಊದುಬತ್ತಿಯ ಬದಲಿಗೆ ಹೂವು ದೀಪ ಸಾಕೆನ್ನುವುದು, ಸೊಳ್ಳೆಬತ್ತಿಯ ಬದಲಿಗೆ ಸೊಳ್ಳೆಪರದೆ ಕಟ್ಟುವುದು, ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆರೆಯುವುದು, ದೂಳು ಹೊಡೆಯುವ ಕೆಲಸವನ್ನು ಬೇರೊಬ್ಬರು ವಹಿಸಿಕೊಳ್ಳುವುದು- ಇವು ದುಬಾರಿ ಕ್ರಮಗಳೇನಲ್ಲ. ರೋಗಿಯನ್ನು ಹಬ್ಬದಿಂದ ಹೊರಗಿಡುವುದಕ್ಕಿಂತ ಹಬ್ಬದಿಂದ ಹೊಗೆಯನ್ನು ಹೊರಗಿಡುವುದು ಸುಲಭ. ಪಟಾಕಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ರಾತ್ರಿ 8ರಿಂದ 10ರವರೆಗಿನ ಮಿತಿಯನ್ನು ವಿಧಿಸಿತ್ತು. ಬಡಾವಣೆಯವರು ಒಂದು ಮೈದಾನವನ್ನು ಗೊತ್ತುಮಾಡಿಕೊಂಡು ಅಲ್ಲಿ ಮಾತ್ರ ಪಟಾಕಿ ಹಚ್ಚಿದರೆ ಮಿಕ್ಕ ಬೀದಿಗಳ ಕಿಟಕಿಗಳು ತೆರೆದಿರಲು ಸಾಧ್ಯ.

ಶಾಲೆಗಳಲ್ಲಿ ಮಗುವನ್ನು ಆಟದಿಂದ ಪೂರ್ತಿ ಕೈಬಿಡುವುದು ದಯೆಯಲ್ಲ. ಆಟಕ್ಕೆ ಮುನ್ನ ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳುವುದು, ವೈದ್ಯರು ಸೂಚಿಸಿದ್ದರೆ ಮೊದಲೇ ಇನ್‌ಹೇಲರ್ ಎಳೆದುಕೊಳ್ಳುವುದು, ಪಾರ್ಥೇನಿಯಂ ಬೆಳೆದ ಮೈದಾನವನ್ನು ಸ್ವಚ್ಛವಾಗಿಡುವುದು- ಇಷ್ಟಾದರೆ ಹೆಚ್ಚಿನ ಮಕ್ಕಳು ಆಡಬಲ್ಲರು. ಇನ್‌ಹೇಲರ್ ಕಚೇರಿಯ ಕಪಾಟಿನಲ್ಲಿ ಬೀಗದೊಳಗಿರದೆ ಮಗುವಿನ ಕೈಗೆಟಕುವಂತಿರಬೇಕು ಮತ್ತು ದೈಹಿಕ ಶಿಕ್ಷಕರಿಗೆ ಅದರ ಬಳಕೆ ತಿಳಿದಿರಬೇಕು.

ಆತಂಕವೋ, ಉಬ್ಬಸವೋ?

ಉಸಿರು ಕಟ್ಟಿದ ಅನುಭವ ಒಮ್ಮೆ ಆದವರಿಗೆ ಅದು ಮತ್ತೆ ಬಂದೀತೆಂಬ ಭಯ ಸಹಜ. ಆ ಭಯವೇ ಏದುಸಿರಾಗಿ ಕಾಣಿಸಿಕೊಂಡು ಗೊಂದಲ ಹುಟ್ಟಿಸುವುದುಂಟು. ಆತಂಕದ ಏದುಸಿರಿನಲ್ಲಿ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನಬಹುದು; ಸಾಮಾನ್ಯವಾಗಿ ಸೀಟಿ ಸದ್ದಿರುವುದಿಲ್ಲ. ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆಯಲ್ಲಿ ಊದಿ ನೋಡಿದರೆ ಶ್ವಾಸನಾಳ ನಿಜಕ್ಕೂ ಕಿರಿದಾಗಿದೆಯೇ ಎಂಬುದು ಮನೆಯಲ್ಲಿಯೇ ತಿಳಿಯುತ್ತದೆ. ಸಂದೇಹವಿದ್ದಾಗ ಮಾತ್ರ ಅಸ್ತಮಾ ಎಂದೇ ಭಾವಿಸಿ ಔಷಧ ತೆಗೆದುಕೊಳ್ಳುವುದು ಕ್ಷೇಮ.

ಮಂಕು, ನಿದ್ರಾಹೀನತೆ, ಯಾರೊಡನೆಯೂ ಬೆರೆಯಲಾರೆ ಎಂಬ ಭಾವ ವಾರಗಟ್ಟಲೆ ಮುಂದುವರಿದರೆ ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯ; ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಂಚೂಣಿ ಸಂಸ್ಥೆ.

ಗಮನದಲ್ಲಿರಲಿ

* ಒಂದು ವಾಕ್ಯವನ್ನು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಇನ್‌ಹೇಲರ್ ಬಳಸಿದರೂ ಶಮನ ಸಿಗದಿರುವುದು ಅಪಾಯದ ಚಿಹ್ನೆಗಳು. ಕೂಡಲೇ 108ಕ್ಕೆ ಕರೆ ಮಾಡಬೇಕು.

* ರೋಗಿಯನ್ನು ಮಲಗಿಸದೆ ನೇರವಾಗಿ ಕೂರಿಸಬೇಕು. ಸ್ಪೇಸರ್ ಇದ್ದರೆ ಅದರ ಮೂಲಕ ಇನ್‌ಹೇಲರ್ ನೀಡಬೇಕು. ಸುತ್ತ ಗುಂಪುಗೂಡಬಾರದು, ಒಬ್ಬರು ಮಾತ್ರ ಪಕ್ಕದಲ್ಲಿರಬೇಕು.

* ಯಾವ ದಿನ ಯಾವ ಔಷಧ, ಉಲ್ಬಣಿಸಿದಾಗ ಏನು ಎಂಬುದನ್ನು ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಂಡು, ಅದರ ಪ್ರತಿಯೊಂದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು.

* ಒಂಟಿಯಾಗಿ ವಾಸಿಸುವವರು ರಾತ್ರಿ ಇನ್‌ಹೇಲರ್ ಮತ್ತು ಫೋನ್ ಎರಡನ್ನೂ ದಿಂಬಿನ ಬಳಿ ಇಟ್ಟುಕೊಳ್ಳಬೇಕು. ನಸುಕಿನಲ್ಲಿಯೂ ಕರೆಯಬಹುದಾದ ಒಬ್ಬರನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು.

ಅಸ್ತಮಾವನ್ನು ಬುಡಸಮೇತ ಕೀಳುವ ಮದ್ದು ಇಂದಿಗೂ ಬಂದಿಲ್ಲ. ಆದರೆ ಅದರೊಡನೆ ನಾಲ್ಕು ಜನರ ನಡುವೆ ಬಾಳಲು ಬೇಕಾದುದೆಲ್ಲ ಈಗಾಗಲೇ ಲಭ್ಯವಿದೆ. ಪ್ರತಿ ವರ್ಷ ಮೇ ತಿಂಗಳ ಮೊದಲ ಮಂಗಳವಾರ ಆಚರಿಸುವ ವಿಶ್ವ ಅಸ್ತಮಾ ದಿನದ ಭಾಷಣಗಳಿಗಿಂತ, ಅಸ್ತಮಾ ಇರುವ ಒಬ್ಬರು ತಮ್ಮ ಇನ್‌ಹೇಲರ್ ಅನ್ನು ಶೌಚಾಲಯದ ಮರೆಯಿಂದ ಕಚೇರಿಯ ಮೇಜಿನ ಮೇಲಕ್ಕೆ ತಂದಿಡುವುದು ಹೆಚ್ಚು ಫಲಕಾರಿ. ಪಕ್ಕದ ಮೇಜಿನವರ ಚೀಲದಲ್ಲಿಯೂ ಒಂದು ಇದ್ದೀತು.